ಏಳು ತಂತಿಯ ಪಿಟೀಲು ಚೌಡಯ್ಯ

ಮೈಸೂರಿನ ಒಂಟಿಕೊಪ್ಪಲಿನಲ್ಲಿದ್ದ ‘ವಿಠಲ ವಿಹಾರ’ ಎಂಬ ಮನೆಯಿಂದ 1935ರ ಸೆಪ್ಟೆಂಬರ್ 10ರಂದು ರೇಡಿಯೊ ಪ್ರಸಾರ ಆರಂಭವಾಯಿತು. ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲಿಯೇ ನೆಲೆಗೊಳಿಸಿದ 30 ವ್ಯಾಟ್ ಶಕ್ತಿಯ ಪುಟ್ಟ ಪ್ರಸಾರಕ ಅದು. ಮೈಕಿನ ಮುಂದೆ ಮೆಲ್ಲನೆ ನುಡಿಸಿದರೂ ಎಷ್ಟೋ ಬೀದಿಗಳಾಚೆಯ ಮನೆಯೊಳಗೆ ನಾದ ಸ್ಪಷ್ಟವಾಗಿ ಕೇಳಿಸುತ್ತದೆ ಎಂಬ ಸಂಗತಿ ಅಂದಿನ ಮೈಸೂರಿಗರಿಗೆ ಸೋಜಿಗದ ವಿಷಯವಾಗಿತ್ತು. ದೂರ ಕುಳಿತವನಿಗೂ ವಾದ್ಯ ಕೇಳಿಸಬೇಕೆಂಬ ಇದೇ ಸಮಸ್ಯೆಗೆ ಅದೇ ನಗರದ ವಿದ್ವಾಂಸರೊಬ್ಬರು ಎಂಟು ವರ್ಷ ಮೊದಲೇ, 1927ರಲ್ಲಿ, ವಿದ್ಯುತ್ತಿನ ಹಂಗಿಲ್ಲದೆ ಉತ್ತರವೊಂದನ್ನು ಕಂಡುಕೊಂಡಿದ್ದರು. ಪಿಟೀಲಿನ ನಾಲ್ಕು ತಂತಿಗಳಿಗೆ ಇನ್ನೂ ಮೂರನ್ನು ಸೇರಿಸಿ ಏಳು ಮಾಡಿದ ಟಿ. ಚೌಡಯ್ಯನವರೇ ಆ ವಿದ್ವಾಂಸರು.

ಒಂದು ಉತ್ತರ ಮರದಲ್ಲಿ, ಮತ್ತೊಂದು ಉತ್ತರ ವಿದ್ಯುತ್ತಿನಲ್ಲಿ. ಎರಡೂ ಒಂದೇ ಊರಿನಲ್ಲಿ, ಒಂದೇ ದಶಕದ ಅಂತರದೊಳಗೆ ಕಾಣಿಸಿಕೊಂಡವು. ಎರಡನೆಯದು ಬಂದ ಮೇಲೆ ಮೊದಲನೆಯದರ ಅಗತ್ಯವೇ ಉಳಿಯಲಿಲ್ಲವೆಂದು ಹೇಳಬಹುದಾಗಿತ್ತು. ಆದರೂ ಚೌಡಯ್ಯನವರು ಕೊನೆಯವರೆಗೆ ಏಳು ತಂತಿಗಳನ್ನು ಬಿಡಲಿಲ್ಲ.

<b>ತಿರುಮಕೂಡಲಿನಿಂದ ಮೈಸೂರಿಗೆ</b>

ಚೌಡಯ್ಯನವರು ಹುಟ್ಟಿದ್ದು 1895ರಲ್ಲಿ, ಮೈಸೂರು ಜಿಲ್ಲೆಯ ತಿರುಮಕೂಡಲಿನಲ್ಲಿ. ಕಾವೇರಿ ಮತ್ತು ಕಪಿಲೆ ಕೂಡುವ ಆ ಕ್ಷೇತ್ರ ತಿರುಮಕೂಡಲು ನರಸೀಪುರದ ಮಗ್ಗುಲಲ್ಲಿಯೇ ಇದೆ. ಅವರ ಹೆಸರಿನ ಮುಂದಿನ ಅಕ್ಷರ ಸೂಚಿಸುವುದು ಈ ಊರನ್ನೇ. ಮುಂದೆ ಅವರು ಕೃತಿಗಳನ್ನು ರಚಿಸಿದಾಗ ಅಂಕಿತವಾಗಿ ಆರಿಸಿಕೊಂಡ ‘ತ್ರಿಮಕುಟ’ ಎಂಬ ಪದವೂ ಈ ಊರಿನ ಹೆಸರಿನಿಂದಲೇ ಬಂದದ್ದು. ಒಕ್ಕಲುತನದ ಹಿನ್ನೆಲೆಯ ಕುಟುಂಬದ ಹುಡುಗ ಆಸ್ಥಾನ ಸಂಗೀತದ ಜಗತ್ತಿಗೆ ಬರುವುದು ಆ ಕಾಲದಲ್ಲಿ ಸಾಮಾನ್ಯ ಸಂಗತಿಯಾಗಿರಲಿಲ್ಲ.

1910ರಲ್ಲಿ ಹದಿನೈದರ ಹರೆಯದ ಚೌಡಯ್ಯ ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಶಿಷ್ಯನಾಗಿ ಸೇರಿದರು. ಕೃಷ್ಣಪ್ಪನವರು ಕರಾವಳಿಯಿಂದ ಬಂದು ಮೈಸೂರಿನಲ್ಲಿ ನೆಲೆಸಿ ಆಸ್ಥಾನದ ಮನ್ನಣೆ ಪಡೆದಿದ್ದ ಗಾಯಕರು. ದಾಸರ ಪದಗಳನ್ನು ಕಚೇರಿಯ ವೇದಿಕೆಗೆ ಗೌರವದಿಂದ ತಂದವರಲ್ಲಿ ಅವರ ಹೆಸರು ಮೊದಲ ಸಾಲಿನಲ್ಲಿದೆ. ಅವರದು ಶಾರೀರದ ಘನತೆಗೆ ಹೆಸರಾದ ಗಾಯನ. ಗುರುಕುಲದ ಶಿಸ್ತಿನ ಕಾಠಿಣ್ಯಕ್ಕೂ ಅವರು ಅಷ್ಟೇ ಹೆಸರಾಗಿದ್ದರು. ಚೌಡಯ್ಯನವರು ಆ ಮನೆಯಲ್ಲಿ ಸುಮಾರು ಹದಿನೆಂಟು ವರ್ಷ ಕಲಿತರು. ಇಂದಿನ ಲೆಕ್ಕದಲ್ಲಿ ಅದು ಶಾಲೆಯ ಮೊದಲ ತರಗತಿಯಿಂದ ಸ್ನಾತಕೋತ್ತರ ಪದವಿಯವರೆಗಿನ ಅವಧಿಗಿಂತ ಹೆಚ್ಚು.

ಗಾಯಕರ ಮನೆಯಲ್ಲಿ ಪಿಟೀಲು ಕಲಿತದ್ದರ ಪರಿಣಾಮ ಚೌಡಯ್ಯನವರ ವಾದನದಲ್ಲಿ ಕೊನೆಯವರೆಗೂ ಉಳಿಯಿತು. ಅವರ ಕಮಾನು ಗಂಟಲನ್ನು ಹಿಂಬಾಲಿಸಿತು. ಬೆರಳಿನ ಚಮತ್ಕಾರಕ್ಕಿಂತ ಹಾಡಿನ ಓಟಕ್ಕೆ ಅದು ಹತ್ತಿರವಾಗಿತ್ತು. ಗುರುವಿನ ಘನವಾದ ಶಾರೀರಕ್ಕೆ ದಿನವೂ ಜೊತೆಯಾಗಬೇಕಾದ ಶಿಷ್ಯನಿಗೆ ತನ್ನ ಕೈಯಲ್ಲಿರುವ ವಾದ್ಯದ ನಾದ ಸಣ್ಣದೆಂದು ತೋರಿದ್ದರೆ ಅದು ಸಹಜವೇ.

<b>ಕೊನೆಯ ಸಾಲಿಗೆ ಕೇಳದ ಪಿಟೀಲು</b>

ಅಂದಿನ ಕಚೇರಿಯನ್ನು ಇಂದಿನ ಸಭಾಂಗಣದ ಕಲ್ಪನೆಯಿಂದ ಅಳೆಯಲಾಗದು. ರಾಮೋತ್ಸವದ ಚಪ್ಪರ, ಮದುವೆಯ ಮನೆಯ ಅಂಗಳ, ದೇವಾಲಯದ ಪ್ರಾಕಾರ ಇವೇ ವೇದಿಕೆಗಳು. ಕಚೇರಿ ನಾಲ್ಕೈದು ಗಂಟೆ ನಡೆಯುವುದು ವಾಡಿಕೆ. ಮೈಕು ಇಲ್ಲ. ಹೊರಗೆ ಜಟಕಾ ಬಂಡಿಗಳ ಸದ್ದು, ಒಳಗೆ ಮಕ್ಕಳ ಗಲಾಟೆ. ಗಾಯಕರು ಎತ್ತರದ ಶ್ರುತಿಯಲ್ಲಿ ಗಂಟಲು ತೆರೆದು ಹಾಡುತ್ತಿದ್ದರು. ಮೃದಂಗಕ್ಕೆ ಚರ್ಮದ ಬಲವಿತ್ತು. ಇವೆರಡರ ನಡುವೆ ಸಿಕ್ಕಿಕೊಂಡದ್ದು ಪಿಟೀಲು. ಮುಂದಿನ ನಾಲ್ಕು ಸಾಲಿನವರಿಗೆ ಕೇಳಿಸಿದ ಸಂಗತಿ ಹಿಂದಿನವರನ್ನು ತಲುಪುತ್ತಲೇ ಇರಲಿಲ್ಲ.

ಪಾಶ್ಚಾತ್ಯರ ಈ ವಾದ್ಯ ಕರ್ನಾಟಕ ಸಂಗೀತಕ್ಕೆ ಬಂದದ್ದು ಮುತ್ತುಸ್ವಾಮಿ ದೀಕ್ಷಿತರ ಸಹೋದರ ಬಾಲುಸ್ವಾಮಿ ದೀಕ್ಷಿತರ ಕಾಲದಲ್ಲಿ. ಶ್ರುತಿಯನ್ನು ಷಡ್ಜ–ಪಂಚಮ–ಷಡ್ಜ–ಪಂಚಮ ಎಂದು ಬದಲಿಸಿಕೊಂಡು, ನೆಲದ ಮೇಲೆ ಕುಳಿತು, ವಾದ್ಯದ ತಲೆಯನ್ನು ಪಾದದ ಮೇಲಿರಿಸಿ ನುಡಿಸುವ ಕ್ರಮ ರೂಢಿಗೆ ಬಂತು. ಶ್ರುತಿ ಬದಲಾಯಿತು, ಭಂಗಿ ಬದಲಾಯಿತು, ಗಮಕಕ್ಕಾಗಿ ಬೆರಳಿನ ಚಲನೆಯೂ ಬದಲಾಯಿತು. ಆದರೆ ಪೆಟ್ಟಿಗೆಯನ್ನು ಯಾರೂ ಮುಟ್ಟಿರಲಿಲ್ಲ. ನೂರು ವರ್ಷಕ್ಕೂ ಹೆಚ್ಚು ಕಾಲ ಅದು ಯುರೋಪಿನಿಂದ ಬಂದ ರೂಪದಲ್ಲಿಯೇ ಇತ್ತು. ಚೌಡಯ್ಯನವರು ಕೈಹಾಕಿದ್ದು ಅಲ್ಲಿಗೆ.

ಮೂರು ತಂತಿ ಹೆಚ್ಚಿಸುವುದು ಕೇಳಲು ಸುಲಭ. ಮಾಡಲು ಹೊರಟರೆ ವಾದ್ಯದ ಒಂದೊಂದು ಭಾಗವೂ ತಕರಾರು ತೆಗೆಯುತ್ತದೆ. ನಾಲ್ಕು ಬಿರಡೆಗಳಿಗಾಗಿ ಕೊರೆದ ತಲೆಯಲ್ಲಿ ಏಳು ಬಿರಡೆಗಳಿಗೆ ಜಾಗ ಮಾಡಬೇಕು. ಕುದುರೆಯ ಮೇಲೆ ಏಳು ಗೀರು ಬೇಕು. ಜೋಡಿ ತಂತಿಗಳೆರಡೂ ಕಮಾನಿಗೆ ಒಟ್ಟಿಗೆ ಸಿಗುವಂತೆ ಒಂದೇ ಎತ್ತರದಲ್ಲಿರಬೇಕು. ಪಕ್ಕದ ಜೋಡಿಗೆ ಕಮಾನು ತಗುಲದಷ್ಟು ಕುದುರೆಯ ಬಾಗು ಉಳಿದಿರಬೇಕು. ಬೆರಳು ಒಮ್ಮೆ ಒತ್ತಿದರೆ ಎರಡು ತಂತಿಗಳೂ ಸಮನಾಗಿ ಅದುಮಬೇಕು. ಇದಕ್ಕೆಲ್ಲ ಮಿಗಿಲಾದದ್ದು ಭಾರದ ಪ್ರಶ್ನೆ. ಪಾಶ್ಚಾತ್ಯ ಶ್ರುತಿಯಲ್ಲಿ ನಾಲ್ಕು ತಂತಿಗಳ ಒಟ್ಟು ಎಳೆತವೇ 20 ಕಿಲೋಗ್ರಾಂ ಮೀರುತ್ತದೆ. ಕರ್ನಾಟಕ ಸಂಗೀತದಲ್ಲಿ ಶ್ರುತಿಯನ್ನು ತಗ್ಗಿಸಿಕೊಳ್ಳುವುದರಿಂದ ಅದು ಸ್ವಲ್ಪ ಕಡಿಮೆಯಾದರೂ, ಏಳು ತಂತಿಗಳ ಬಿಗಿತವನ್ನು ಕೆಲವೇ ಮಿಲಿಮೀಟರ್ ದಪ್ಪದ ಮೇಲ್ಹಲಗೆ ಹೊರಬೇಕು.

ಇಷ್ಟಾದ ಮೇಲೆ ಹೊಂದಿಸುವ ಕೆಲಸ. ಒಂಟಿ ತಂತಿಯ ಶ್ರುತಿ ಕೂದಲೆಳೆಯಷ್ಟು ತಪ್ಪಿದರೆ ನುರಿತ ಬೆರಳು ಅದನ್ನು ಸರಿದೂಗಿಸಿಬಿಡುತ್ತದೆ. ಜೋಡಿ ತಂತಿಯಲ್ಲಿ ಆ ಅವಕಾಶವಿಲ್ಲ. ಒಂದು ತಂತಿ ಕ್ಷಣಕ್ಕೆ 240 ಸಲ, ಅದರ ಜೊತೆಯದು 242 ಸಲ ಕಂಪಿಸಿದರೆ, ಕ್ಷಣಕ್ಕೆ ಎರಡು ಬಾರಿ ನಾದ ಉಬ್ಬಿ ಇಳಿಯುವುದು ಕಿವಿಗೆ ಕೇಳಿಸುತ್ತದೆ. ಬೆರಳಿನಿಂದ ಒಂದನ್ನು ತಿದ್ದಹೋದರೆ ಇನ್ನೊಂದೂ ಜಾರುತ್ತದೆ. ತಂತಿಯೊಂದು ಹರಿದರೆ ಹೊಸದನ್ನು ಕಟ್ಟಿ ಸುಮ್ಮನಾಗುವಂತಿಲ್ಲ. ಹಳೆಯ ತಂತಿಯೂ ಹೊಸ ತಂತಿಯೂ ಒಂದೇ ಬಿಗಿತಕ್ಕೆ ಒಂದೇ ರೀತಿ ನಡೆದುಕೊಳ್ಳುವುದಿಲ್ಲವಾದ್ದರಿಂದ ಜೋಡಿಯನ್ನೇ ಬದಲಿಸುವುದು ಕ್ಷೇಮ. ಕಚೇರಿಯ ನಡುವೆ, ಗಾಯಕರು ಕಾಯುತ್ತಿರುವಾಗ, ಏಳು ಬಿರಡೆಗಳನ್ನು ಸಂಭಾಳಿಸುವುದಕ್ಕೆ ಎಂತಹ ಕಿವಿ ಬೇಕೆಂಬುದನ್ನು ಊಹಿಸಿಕೊಳ್ಳಬಹುದು.

ಗುರುಗಳ ಸಮ್ಮತಿ ಈ ಪ್ರಯೋಗಕ್ಕೆ ಸುಲಭವಾಗಿ ದೊರೆಯಲಿಲ್ಲವೆಂದು ಸಂಗೀತ ವಲಯದಲ್ಲಿ ಇಂದಿಗೂ ಹೇಳುವುದುಂಟು. ಸಂಪ್ರದಾಯನಿಷ್ಠ ಗುರುವಿನ ಎದುರು ವಾದ್ಯದ ಆಕಾರವನ್ನೇ ಬದಲಿಸಿ ಕೂರುವುದು ಸಣ್ಣ ಧೈರ್ಯವಲ್ಲ. ಕೃಷ್ಣಪ್ಪನವರು 1931ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಏಳು ತಂತಿ ಚೌಡಯ್ಯನವರ ಗುರುತಾಗಿಬಿಟ್ಟಿತ್ತು.

<b>ಕಡಲಾಚೆ ಅದೇ ಪ್ರಶ್ನೆ</b>

ಸ್ವಾರಸ್ಯದ ಸಂಗತಿಯೆಂದರೆ, ಅದೇ 1927ರಲ್ಲಿ ಅಮೆರಿಕದಲ್ಲಿ ಗಿಟಾರ್ ತಯಾರಕರೂ ಇದೇ ಚಿಂತೆಯಲ್ಲಿದ್ದರು. ಬ್ಯಾಂಡಿನ ಕಹಳೆ, ಡ್ರಮ್ಮುಗಳ ನಡುವೆ ಗಿಟಾರ್ ಕೇಳಿಸುತ್ತಿರಲಿಲ್ಲ. ನ್ಯಾಷನಲ್ ಕಂಪನಿಯವರು ಲೋಹದ ಒಡಲೊಳಗೆ ತೆಳುವಾದ ಅಲ್ಯೂಮಿನಿಯಂ ಶಂಕುಗಳನ್ನು ಕೂರಿಸಿದ ಗಿಟಾರನ್ನು ಆ ವರ್ಷ ತಂದರು. ಅದೂ ವಿದ್ಯುತ್ತಿಲ್ಲದ ಉತ್ತರವೇ. ಅದರ ಹಿಂದಿದ್ದವರಲ್ಲಿ ಒಬ್ಬರಾದ ಜಾರ್ಜ್ ಬೋಷಾಂ ಅಲ್ಲಿಗೆ ನಿಲ್ಲಲಿಲ್ಲ. ತಂತಿಯ ಕಂಪನವನ್ನು ಅಯಸ್ಕಾಂತ ಮತ್ತು ತಾಮ್ರದ ಸುರುಳಿಯ ಮೂಲಕ ವಿದ್ಯುತ್ತಾಗಿಸುವ ಪಿಕಪ್ಪನ್ನು ರೂಪಿಸಿದರು. 1932ರ ವೇಳೆಗೆ ರಿಕನ್‌ಬ್ಯಾಕರ್ ಸಂಸ್ಥೆಯ ವಿದ್ಯುತ್ ಗಿಟಾರ್ ಮಾರುಕಟ್ಟೆಗೆ ಬಂತು.

ಮುಂದೆ ಒಂದರ ಬದಲು ಎರಡು ಪಿಕಪ್, ಅವುಗಳ ನಡುವೆ ಆಯ್ಕೆಗೆ ಒಂದು ಸ್ವಿಚ್ಚು ಬಂದವು. ಗಿಬ್ಸನ್ ಸಂಸ್ಥೆಯ 1952ರ ಲೆಸ್ ಪಾಲ್ ಗಿಟಾರಿನಲ್ಲಿ ಮೂರು ನೆಲೆಯ ಸ್ವಿಚ್ಚಿತ್ತು: ಮೇಲಿನದು, ಕೆಳಗಿನದು, ಎರಡೂ ಕೂಡಿ. ಹಾಳಾದ ಪಿಕಪ್ಪನ್ನು ಬದಲಿಸುವವರಿಗೆ ಅಲ್ಲಿ ಎದುರಾಗುವ ತೊಂದರೆ ಚೌಡಯ್ಯನವರ ಜೋಡಿ ತಂತಿಯ ತೊಂದರೆಗೆ ತೀರ ಹತ್ತಿರದ್ದು. ಹೊಸ ಪಿಕಪ್ ಹಳೆಯದಕ್ಕಿಂತ ಬಲವಾಗಿದ್ದರೆ ಸ್ವಿಚ್ಚು ಸರಿಸಿದೊಡನೆ ಸದ್ದು ದಿಢೀರನೆ ಏರುತ್ತದೆ. ಸುರುಳಿಯ ದಿಕ್ಕು ಅಥವಾ ಅಯಸ್ಕಾಂತದ ಧ್ರುವ ಹೊಂದದಿದ್ದರೆ, ಎರಡೂ ಕೂಡಿದ ನೆಲೆಯಲ್ಲಿ ಒಂದರ ನಾದವನ್ನು ಇನ್ನೊಂದು ತಿಂದುಹಾಕಿ ದನಿ ಬಡಕಲಾಗುತ್ತದೆ. 1957ರಲ್ಲಿ ಗಿಬ್ಸನ್ ಗಿಟಾರುಗಳಿಗೆ ಸೇರಿದ ಸೆತ್ ಲವರ್ ಅವರ ‘ಹಂಬಕರ್’ ಪಿಕಪ್ ಇದೇ ತತ್ತ್ವವನ್ನು ಗುಣವಾಗಿ ಬಳಸಿಕೊಂಡಿತು. ಸರಿಯಾಗಿ ಹೊಂದಿಸಿದ ಎರಡು ಸುರುಳಿಗಳು ತಂತಿಯ ನಾದವನ್ನು ಕೂಡಿಸುತ್ತವೆ, ವಿದ್ಯುತ್ ಮಾರ್ಗದ ಗುಂಯ್‌ಗುಟ್ಟುವಿಕೆಯನ್ನು ಪರಸ್ಪರ ಅಳಿಸುತ್ತವೆ. ಎರಡನ್ನು ಕೂಡಿಸಿದರೆ ಹೆಚ್ಚಾಗುವುದೋ ಕಡಿಮೆಯಾಗುವುದೋ ಎಂಬುದನ್ನು ಹೊಂದಿಕೆ ನಿರ್ಧರಿಸುತ್ತದೆ ಎಂಬ ಈ ಪಾಠ ತಂತಿವಾದ್ಯಗಳಿಗೆಲ್ಲ ಒಂದೇ.

<b>ಒಂಟಿಕೊಪ್ಪಲಿಗೆ ಬಂದ ಮೈಕು</b>

ಗೋಪಾಲಸ್ವಾಮಿಯವರ ಪ್ರಸಾರ ಕೇಂದ್ರಕ್ಕೆ ‘ಆಕಾಶವಾಣಿ’ ಎಂಬ ಹೆಸರು ನಿಂತಿತು. 30 ವ್ಯಾಟ್ ಪ್ರಸಾರಕದ ಜಾಗಕ್ಕೆ ಬಳಿಕ 250 ವ್ಯಾಟ್ ಶಕ್ತಿಯ ಪ್ರಸಾರಕ ಬಂತು. 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ಅದನ್ನು ವಹಿಸಿಕೊಂಡಿತು. 1950ರಲ್ಲಿ ಕೇಂದ್ರ ಸರ್ಕಾರದ ಅಖಿಲ ಭಾರತ ರೇಡಿಯೊ ಜಾಲದೊಳಗೆ ಸೇರಿಕೊಂಡ ಕೇಂದ್ರ, 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಮೈಸೂರಿಗೆ ಆಕಾಶವಾಣಿ ಮತ್ತೆ ಬಂದದ್ದು 1974ರಲ್ಲಿ. ಒಬ್ಬ ಪ್ರಾಧ್ಯಾಪಕರ ಮನೆಯಿಂದ ಹೊರಟ ಹೆಸರು ಇಡೀ ದೇಶದ ಬಾನುಲಿಯ ಹೆಸರಾಗಿ, 2023ರಿಂದ ಅದರ ಏಕೈಕ ಅಧಿಕೃತ ಹೆಸರೂ ಆಗಿದೆ.

ಸಂಗೀತದ ಮಟ್ಟಿಗೆ ಆ ಮನೆಯ ಮೈಕು ತಂದ ಬದಲಾವಣೆ ಮತ್ತೊಂದು ಬಗೆಯದು. ಚಪ್ಪರದಲ್ಲಿ ಗುಣವಾಗಿದ್ದದ್ದು ಮೈಕಿನ ಮುಂದೆ ಗುಣವಾಗಿ ಉಳಿಯಲೇಬೇಕೆಂದಿಲ್ಲ. ದೊಡ್ಡ ದನಿಯವರು ಹಿಂದೆ ಸರಿದು ಕೂರಬೇಕಾಯಿತು. ಸಣ್ಣ ದನಿಯವರ ಸೂಕ್ಷ್ಮ ಗಮಕಗಳು ಮೊದಲ ಬಾರಿಗೆ ಮನೆಮನೆಗೆ ಕೇಳಿಸಿದವು. 1930ರ ದಶಕದಿಂದ ಮದರಾಸು, ಮೈಸೂರು, ಬೆಂಗಳೂರುಗಳ ಸಭೆಗಳಿಗೂ ಧ್ವನಿವರ್ಧಕ ನಿಧಾನವಾಗಿ ಕಾಲಿಟ್ಟಿತು. 1960ರ ದಶಕದಿಂದ ಒಂಟಿಕೊಪ್ಪಲಿನ ಎಂಟನೇ ಕ್ರಾಸಿನ ಗಣೇಶೋತ್ಸವದಲ್ಲಿ ನಡೆದುಬಂದಿರುವ ಸಂಗೀತ ಕಚೇರಿಗಳು ಈ ಬದಲಾವಣೆಯ ಫಲವೇ. ರಸ್ತೆಗೆ ಚಪ್ಪರ ಹಾಕಿ, ಧ್ವನಿವರ್ಧಕ ಕಟ್ಟಿ, ಬಡಾವಣೆಯವರೆಲ್ಲ ಕುರ್ಚಿಯಲ್ಲೋ ಮನೆಯ ಜಗಲಿಯಲ್ಲೋ ಕುಳಿತು ಕೇಳುವ ಕಚೇರಿಯಲ್ಲಿ ನಾಲ್ಕು ತಂತಿಯ ಪಿಟೀಲು ಕೊನೆಯ ಮನೆಗೂ ಕೇಳುತ್ತದೆ.

ಹೀಗಾದಾಗ ಏಳು ತಂತಿಯ ಮೇಲೆ ಆಕ್ಷೇಪಗಳು ಹುಟ್ಟಿಕೊಂಡದ್ದು ಸಹಜ. ಪಕ್ಕವಾದ್ಯದ ಧರ್ಮ ಗಾಯಕನ ನೆರಳಾಗಿರುವುದು, ಈ ನಾದ ಗಾಯಕನನ್ನೇ ಮುಚ್ಚುತ್ತದೆ ಎಂಬುದು ಒಂದು ಆಕ್ಷೇಪ. ಜೋಡಿ ತಂತಿಯಿಂದ ನಾದದ ಗಾತ್ರ ಹೆಚ್ಚಿದರೂ ಒಂಟಿ ತಂತಿಯ ಶುದ್ಧತೆ ಹೋಗುತ್ತದೆ ಎಂಬುದು ಇನ್ನೊಂದು. ಎರಡನೆಯದರಲ್ಲಿ ಹುರುಳಿಲ್ಲದೆ ಇಲ್ಲ. ಸಮಕಾಲೀನರಾದ ದ್ವಾರಂ ವೆಂಕಟಸ್ವಾಮಿ ನಾಯ್ಡು ಅವರು ನಾಲ್ಕೇ ತಂತಿಯಲ್ಲಿ ಸಾಧಿಸಿದ ನಾದಮಾಧುರ್ಯ ರಸಿಕರ ಕಣ್ಣೆದುರಿಗೇ ಇತ್ತು. ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೆಯವರ ಸಂಯಮದ ಪಕ್ಕವಾದ್ಯವೂ ಇತ್ತು. ಈ ಇಬ್ಬರೊಡನೆ ಸೇರಿಸಿ ಚೌಡಯ್ಯನವರನ್ನು ಪಿಟೀಲಿನ ತ್ರಿಮೂರ್ತಿಗಳೆಂದು ಕರೆದ ಪೀಳಿಗೆಯೇ ಮೂವರ ನಡುವಿನ ಹೋಲಿಕೆಗೂ ದಾರಿ ಮಾಡಿಕೊಟ್ಟಿತು. ಇನ್ನು ವಿಜ್ಞಾನದ ಮಾತು. ಸಮಾನವಾದ ಎರಡು ತಂತಿಗಳು ಸೇರಿದರೆ ಕಿವಿಗೆ ಸದ್ದು ಎರಡರಷ್ಟಾಗುವುದಿಲ್ಲ. ಏರುವುದು ಮೂರು ಡೆಸಿಬಲ್ ಆಸುಪಾಸು, ಅಂದರೆ ಗುರುತಿಸಬಲ್ಲಷ್ಟು ಮಾತ್ರ. ಏಳು ತಂತಿ ನಿಜವಾಗಿ ಕೊಟ್ಟದ್ದು ಸದ್ದಿಗಿಂತ ನಾದದ ತುಂಬುತನವನ್ನು.

ಆ ತುಂಬುತನವೇ ಚೌಡಯ್ಯನವರಿಗೆ ಬೇಕಾದದ್ದಾಗಿತ್ತೆಂದು ಅವರ ನಂತರದ ನಡೆ ತೋರಿಸುತ್ತದೆ. ಕೇಳಿಸುವುದೊಂದೇ ಗುರಿಯಾಗಿದ್ದರೆ ಮೈಕು ಬಂದ ದಿನ ಮೂರು ಬಿರಡೆಗಳನ್ನು ಬಿಚ್ಚಿಡಬಹುದಿತ್ತು. ಅವರು ಬಿಚ್ಚಲಿಲ್ಲ. ಬದಲಾಗಿ ಅದೇ ವಾದ್ಯದೊಡನೆ ದಕ್ಷಿಣ ಭಾರತದ ಸಭೆಗಳನ್ನೆಲ್ಲ ಸುತ್ತಿದರು. ಅರಿಯಾಕುಡಿ ರಾಮಾನುಜ ಅಯ್ಯಂಗಾರ್, ಚೆಂಬೈ ವೈದ್ಯನಾಥ ಭಾಗವತರ್, ಮುಸಿರಿ ಸುಬ್ರಹ್ಮಣ್ಯ ಅಯ್ಯರ್, ಜಿ.ಎನ್. ಬಾಲಸುಬ್ರಹ್ಮಣ್ಯಂ ಮೊದಲಾದ ಹಿರಿಯರೆಲ್ಲ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಡಿದರು. ಚೆಂಬೈ ಅವರ ಕಂಚಿನ ಕಂಠ, ಚೌಡಯ್ಯನವರ ಏಳು ತಂತಿ, ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗ ಸೇರಿದ ಕಚೇರಿಗಳು ಆ ಕಾಲದ ದಂತಕಥೆಗಳಾದವು. ಗಾಯಕನನ್ನು ಮುಚ್ಚುವ ಪಿಟೀಲೆಂಬ ದೂರಿಗೆ, ಮತ್ತೆ ಮತ್ತೆ ಅದನ್ನೇ ಕರೆಸಿಕೊಂಡ ಗಾಯಕರೇ ಸಾಕಷ್ಟು ಉತ್ತರ.

<b>ಆಸ್ಥಾನ, ಸಿನಿಮಾ, ಶಾಲೆ</b>

ಮೈಸೂರು ಆಸ್ಥಾನ 1939ರಲ್ಲಿ ಅವರನ್ನು ಆಸ್ಥಾನ ವಿದ್ವಾಂಸರನ್ನಾಗಿ ಮನ್ನಿಸಿತು. 1943ರಲ್ಲಿ ಚೌಡಯ್ಯನವರು ಸಿನಿಮಾ ರಂಗಕ್ಕೂ ಇಳಿದು ‘ವಾಣಿ’ ಎಂಬ ಕನ್ನಡ ಚಿತ್ರವನ್ನು ನಿರ್ಮಿಸಿದರು. ಕೆ. ಹಿರಣ್ಣಯ್ಯನವರ ನಿರ್ದೇಶನದ ಈ ಚಿತ್ರ ಪಂಡರಿಬಾಯಿ ಅವರ ಮೊದಲ ಚಿತ್ರವೆಂದು ಸಿನಿಮಾ ಚರಿತ್ರೆಯಲ್ಲಿ ನೆನಪಾಗುತ್ತದೆ. ಸಂಗೀತದವರು ಅದನ್ನು ನೆನೆಯುವುದು ಬೇರೆ ಕಾರಣಕ್ಕೆ. ಚೆಂಬೈ, ಚೌಡಯ್ಯ, ಮಣಿ ಅಯ್ಯರ್ ಮೂವರೂ ಒಟ್ಟಿಗೆ ಕುಳಿತು ಕಚೇರಿ ಮಾಡುವ ದೃಶ್ಯ ಅದರಲ್ಲಿದೆ. ಆ ಹೊತ್ತಿನ ಕಚೇರಿಯ ಚಲನಚಿತ್ರ ದಾಖಲೆಗಳು ತೀರ ವಿರಳವಾದ್ದರಿಂದ ಆ ಕೆಲವು ನಿಮಿಷಗಳ ಬೆಲೆ ದೊಡ್ಡದು.

ಮೈಸೂರಿನಲ್ಲಿ ಅವರು ಅಯ್ಯನಾರ್ ಸಂಗೀತ ಕಾಲೇಜನ್ನು ಸ್ಥಾಪಿಸಿದರು. ವಾದನದ ಜೊತೆಗೆ ಕೃತಿರಚನೆಯನ್ನೂ ನಡೆಸಿದರು. 1957ನೇ ಇಸವಿಯಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಗೌರವ ಅವರಿಗೆ ಸಂದಿತು. ಬಿರುದುಗಳ ಪಟ್ಟಿಯನ್ನು ಇನ್ನೂ ಬೆಳೆಸಬಹುದು. ಆದರೆ ಪಕ್ಕವಾದ್ಯದವರೊಬ್ಬರು ಆ ಪೀಠದವರೆಗೆ ಏರಿದ್ದು, ಅದೂ ಸಂಪ್ರದಾಯಸ್ಥರು ಹುಬ್ಬೇರಿಸಿದ ವಾದ್ಯದೊಡನೆ ಏರಿದ್ದು, ಗಮನಾರ್ಹ. ಮೂವತ್ತು ವರ್ಷ ಹಿಂದೆ ಮಾಡಿದ ಮಾರ್ಪಾಡಿನ ಬಗೆಗಿನ ವಾದ ಅಲ್ಲಿಗೆ ಬಹುಮಟ್ಟಿಗೆ ತಣ್ಣಗಾಯಿತು.

ತಣ್ಣಗಾದರೂ ಏಳು ತಂತಿ ಹಬ್ಬಲಿಲ್ಲ. ಅವರ ಪ್ರಮುಖ ಶಿಷ್ಯರಲ್ಲಿ ವಿ. ಸೇತುರಾಮಯ್ಯನವರಂತಹ ಗಣ್ಯ ಪಿಟೀಲು ವಾದಕರಿದ್ದರು. ಗುರುವಿನ ಕಮಾನಿನ ಗತಿ, ಗಾಯನವನ್ನು ಅನುಸರಿಸುವ ಬಗೆ ಶಿಷ್ಯಪರಂಪರೆಗೆ ಇಳಿದುಬಂತು. ಏಳು ತಂತಿಯ ವಾದ್ಯ ಮಾತ್ರ ಸಾಮಾನ್ಯ ಬಳಕೆಗೆ ಬರಲಿಲ್ಲ. ಕಾರಣಗಳನ್ನು ದೂರ ಹುಡುಕಬೇಕಿಲ್ಲ. ಅಂಗಡಿಯಲ್ಲಿ ದೊರೆಯುವ ಪಿಟೀಲು ನಾಲ್ಕು ಬಿರಡೆಯದು. ಅದರ ಕುದುರೆ, ತಂತಿಯ ಕಟ್ಟು, ಪೆಟ್ಟಿಗೆ ಎಲ್ಲವೂ ನಾಲ್ಕಕ್ಕೆ ಅಳತೆ ಮಾಡಿದ್ದು. ಏಳು ಬೇಕೆಂದವನು ಪ್ರತ್ಯೇಕ ಮಾಡಿಸಬೇಕು, ಕೆಟ್ಟರೆ ಸರಿಪಡಿಸುವವರನ್ನು ಹುಡುಕಬೇಕು, ಕಚೇರಿಯಿಂದ ಕಚೇರಿಗೆ ಏಳನ್ನೂ ಹೊಂದಿಸುತ್ತಿರಬೇಕು. ಇತ್ತ ಮೈಕು ಅಗ್ಗವಾಯಿತು. ಮುಂದಿನ ದಶಕಗಳಲ್ಲಿ ವೀಣೆಗೂ ಪಿಟೀಲಿಗೂ ಪೆಟ್ಟಿಗೆಗೆ ಅಂಟಿಸುವ ಪಿಕಪ್ ಬಂತು. ಯು. ಶ್ರೀನಿವಾಸ್ ಅವರು ವಿದ್ಯುತ್ ಮ್ಯಾಂಡೊಲಿನ್ನನ್ನೇ ಕರ್ನಾಟಕ ಸಂಗೀತದ ಮುಖ್ಯ ವೇದಿಕೆಗೆ ತಂದರು. ಮರದಲ್ಲಿ ಹುಡುಕಿದ ಉತ್ತರದ ದಾರಿ ಅಲ್ಲಿಗೆ ನಿಂತಿತು.

ಚೌಡಯ್ಯನವರು 1967ರ ಜನವರಿ 19ರಂದು ನಿಧನರಾದರು. ದಶಕಗಳ ಕಾಲ ಅವರ ಪಿಟೀಲಿನೊಡನೆ ಹಾಡಿದ ಅರಿಯಾಕುಡಿ ರಾಮಾನುಜ ಅಯ್ಯಂಗಾರ್ ಅವರು ನಾಲ್ಕೇ ದಿನಗಳ ನಂತರ, ಜನವರಿ 23ರಂದು, ತೀರಿಕೊಂಡರು.

1980ರಲ್ಲಿ ಬೆಂಗಳೂರಿನಲ್ಲಿ ಚೌಡಯ್ಯ ಸ್ಮಾರಕ ಭವನ ಸಿದ್ಧವಾಯಿತು. ಕೆ.ಕೆ. ಮೂರ್ತಿಯವರ ಮುಂದಾಳತ್ವದಲ್ಲಿ ಅಕಾಡೆಮಿ ಆಫ್ ಮ್ಯೂಸಿಕ್ ಕಟ್ಟಿಸಿದ ಈ ಭವನ ಪಿಟೀಲಿನ ಆಕಾರದಲ್ಲಿದೆ. ಸಾವಿರಕ್ಕೂ ಹೆಚ್ಚು ಜನ ಕೂರಬಲ್ಲ ಸಭಾಂಗಣದ ಹೊರಮೈಯಲ್ಲಿ ಬಿರಡೆ, ಕುದುರೆ, ಕಮಾನು ಎಲ್ಲವೂ ಇವೆ. ಅದರ ಮೇಲೆ ಹಾಯಿಸಿದ ತಂತಿಗಳು ಏಳು.